ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕೆಂದಳಂತೆ.
ಇಲ್ಲಿ ನೆಲ ಡೊಂಕೇ. ಅಳೆದು ನೋಡಿದ್ದೇವೆ.

ಮಾತೊಜಿನ್ಯೊಸ್ ಬಂದರಿನ ಹಿಂದೆ
ಒಂದು ಕಾಲಕ್ಕೆ ಬೂತಾಯಿಯನ್ನು ಡಬ್ಬಿಗೆ ತುಂಬುತ್ತಿದ್ದ ಕಾರ್ಖಾನೆ.
ತೊಳೆದ ನೀರು, ನೆತ್ತರು, ಹುರುಪೆ ಹರಿದುಹೋಗಲೆಂದು
ಗಾರೆಯವನು ಬೇಕೆಂದೇ ಕೊಟ್ಟ ಇಳಿಜಾರು:
ಗೋಡೆಯಿಂದ ಮೋರಿಯ ತನಕ, ಹನ್ನೆರಡು ಮೀಟರಿಗೆ
ಒಂದು ಗೇಣು.
ಅದರ ಮೇಲೆ ಹಲಗೆ ಹಾಸಿದರು, ಹಲಗೆಯ ಮೇಲೆ ಕಪ್ಪು ರಬ್ಬರು.
ಇಳಿಜಾರು ಎಲ್ಲವನ್ನೂ ಹಾದು ಮೇಲೆ ಬಂತು
ಹಳೆ ಸಾಲದ ಹಾಗೆ.

ಲುಡೊವಿನಾಗೆ ಅರವತ್ತೊಂದು. ಸೊಂಟದ ಕೀಲು ಲೋಹದ್ದು.
ಮಾಡಿ ತೋರಿಸಲಾರಳು, ಕುರ್ಚಿಯಲ್ಲಿ ಕೂತು ಹೇಳುತ್ತಾಳೆ:
‘ಭುಜ ಮೊದಲು. ಅಲ್ಲ, ಭುಜಕ್ಕಿಂತ ಮೊದಲು
ಭುಜದ ಯೋಚನೆ.’
‘ತಡಿ. ನೀನು ಬೀಳುತ್ತಿದ್ದೀಯ. ನಾನು ಕೇಳಿದ್ದು
ಬೀಳಲು ಮನಸ್ಸಿಲ್ಲದಿರುವುದನ್ನ.’
ನಾನು ಬರೆದುಕೊಳ್ಳುತ್ತೇನೆ. ಅದು ನನ್ನ ಕೆಲಸ:
ಎಣಿಕೆ, ಯಾರು ಎಲ್ಲಿ, ಯಾವ ಕಾಲು,
ಮಧ್ಯಾಹ್ನ ಯಾರಿಗೆ ಮಾಂಸ ಆಗದು.

ಒಂಬತ್ತು ದಿನ ಏನೂ ಹುಟ್ಟಲಿಲ್ಲ.
ನೇರ ಸಾಲಿನಲ್ಲಿ ಹೊರಟ ನಾಲ್ವರೂ
ಮೂವತ್ತೆರಡನೆಯ ಎಣಿಕೆಗೆ ಮೋರಿಯ ಹತ್ತಿರ ಗುಂಪಾಗಿರುತ್ತಿದ್ದರು
ಮೊರದ ಮೂಲೆಗೆ ಬಂದ ಕಾಳಿನ ಹಾಗೆ.
‘ಗೆರೆ! ಗೆರೆ!’ ಎಂದು ಅವಳ ಕೂಗು.
ಬಿಳಿ ಟೇಪು ಅಂಟಿಸಿದೆ. ಆಮೇಲೆ ಹಳದಿ.
ಹಳದಿಯನ್ನು ಮೀರದಿರಲು ಟೊಮೆ ಹಲ್ಲು ಕಚ್ಚುತ್ತಿದ್ದ,
ಆ ಹಲ್ಲು ಕಚ್ಚುವುದು ಹಿಂದಿನ ಸಾಲಿಗೂ ಕಾಣುತ್ತಿತ್ತು.

ಹತ್ತನೆಯ ದಿನ ನನ್ನ ಕೈಯಿಂದ ಟೇಪಿನ ಸುರುಳಿ ಜಾರಿತು.
ನಿಂತಲ್ಲೇ ನಿಂತು, ಒಂದು ಚಣ ಅನುಮಾನಿಸಿ,
ಉರುಳಿತು.
ಅದು ಮೋರಿ ತಲುಪುವವರೆಗೆ ಯಾರೂ ಕೆಮ್ಮಲಿಲ್ಲ.
‘ಇನ್ನೊಮ್ಮೆ’ ಅಂದಳು.
ತಂದಿಟ್ಟೆ. ಈಗ ಬೇರೆ ದಾರಿ ಹಿಡಿಯಿತು.
ಏಳು ಸಲ. ಏಳು ದಾರಿ.
ಎದ್ದವಳೇ ಊರುಗೋಲಿನ ತುದಿಯಿಂದ
ಹಳದಿ ಗೆರೆಯನ್ನು ಕೀಳತೊಡಗಿದಳು.

‘ಯಾರೂ ಹೆಜ್ಜೆ ಇಡಬೇಡಿ. ಹೊರಡುವುದನ್ನು ತಡೆಯಬೇಡಿ, ಅಷ್ಟೆ.’
ಇಳಿಯಲು ಒಂಬತ್ತು ನಿಮಿಷ ಹಿಡಿಯಿತು.
ಹತ್ತಲು ಹದಿನಾಲ್ಕು.
ಅಡೆರಿಟೊ ಕೇಳಿದ: ‘ಮೇಲೆ ಹತ್ತುವಾಗ ಏನು ಯೋಚಿಸಲಿ?’
‘ಮನೆ ಬಾಡಿಗೆ.’
ನಗು. ಆದರೆ ಅವನ ಬೆನ್ನು ಬದಲಾಯಿತು, ನಾನು ಕಂಡೆ.

ಗುರುವಾರ ಇರಿಯಾಳ ನಾಲ್ಕು ನಿಮಿಷ ಕತ್ತರಿಸಿದಳು,
ಇಡೀ ನೃತ್ಯದಲ್ಲಿ ಅತಿ ಚೆಂದದ್ದು.
‘ಚೆಂದವಿದೆ. ನೆಲ ಅದನ್ನು ಕೇಳಿರಲಿಲ್ಲ.’
ಇರಿಯಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು,
ಕೂದಲು ಬಿಗಿದು ಕಟ್ಟಿಕೊಂಡು ಬಂದಳು.
ನಾನು ಆ ಪುಟದ ಮೇಲೆ ಒಂದೇ ಗೀಟು ಹಾಕಿದೆ,
ಕೆಳಗಿನದು ಓದಲು ಬರುವಂತೆ.

ಇಷ್ಟು ದಿನ ಒಬ್ಬರಿಗೂ ಹೊಳೆಯದೆ ಇದ್ದದ್ದೊಂದು:
ಪೋರ್ತುವಿನ ರಂಗಮಂದಿರದ ನೆಲ ಡೊಂಕಲ್ಲ.
ರಂಗದ ಮೇಸ್ತ್ರಿ ಹೆಮ್ಮೆಯಿಂದ ರಸಮಟ್ಟ ಇಟ್ಟು ತೋರಿಸಿದ,
ಗುಳ್ಳೆ ನಟ್ಟ ನಡುವೆ.
ಮೊದಲ ತಾಲೀಮು. ದೀಪ ಬಂತು.
ನಾಲ್ವರು ನಿಂತರು. ನಿಂತೇ ಇದ್ದರು,
ರೈಲು ರದ್ದಾದದ್ದು ಗೊತ್ತಿಲ್ಲದವರ ಹಾಗೆ.
ಏಳನೆಯ ಸಾಲಿನಲ್ಲಿ ಲುಡೊವಿನಾ ಊರುಗೋಲನ್ನು
ಒಂದು ಕೈಯಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಇದಕ್ಕೆ.
ಮುಗಿಯಿತು ಅಂದುಕೊಂಡೆ. ಮುಂಗಡ ವಾಪಸು ಕೊಡುವ ಲೆಕ್ಕವನ್ನೂ
ಅಂಚಿನಲ್ಲಿ ಗೀಚಿದೆ.

ಆಮೇಲೆ ಕತ್ತಲಿಂದ, ದನಿ ಏರಿಸದೆ:
‘ಮೋರಿ ಎಲ್ಲಿದೆ?’

ಯಾರೂ ಬೆರಳು ಮಾಡಲಿಲ್ಲ.
ಮೊದಲು ಇರಿಯಾಳ ಕಿವಿ, ಆಮೇಲೆ ಹೆಗಲು,
ಟೊಮೆಯ ಹಿಮ್ಮಡಿ, ಝುಲೆಯ್ಕಳ ಇಡೀ ಎಡಮಗ್ಗುಲು
ಒಂದೇ ದಿಕ್ಕಿಗೆ, ಇಷ್ಟಿಷ್ಟೇ, ವಾಲಿದವು.
ಅಡೆರಿಟೊ ಮಾತ್ರ ಬೇರೆ ಕಡೆಗೆ.
ಅವಳು ತಿದ್ದಲಿಲ್ಲ.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮೇಸ್ತ್ರಿ
ಜೇಬಿನಿಂದ ಮತ್ತೆ ರಸಮಟ್ಟ ತೆಗೆದು,
ಕುಕ್ಕರಗಾಲಲ್ಲಿ ಕೂತು,
ನೆಲಕ್ಕೆ ಇಟ್ಟು ನೋಡಿದ.